ಕೊಡಗಿಗೆ ಸ್ವಂತ ಎಂಪಿ ಯಾಕಿಲ್ಲ? ಇರುವ ಎರಡು ಎಂಎಲ್‌ಎ ಸ್ಥಾನದಲ್ಲಿ ಇನ್ನೊಂದೂ ಹೋಗುತ್ತಾ?

ಪ್ರಶ್ನೆ: ನಾನು ಸೋಮವಾರಪೇಟೆ ತಾಲೂಕಿನ ಮಾದಾಪುರ ಕಡೆಯ ಸಣ್ಣ ಕಾಫಿ ಬೆಳೆಗಾರ. ವಯಸ್ಸು ಅರವತ್ತು ದಾಟಿದೆ. ನಮ್ಮಪ್ಪನ ಕಾಲದಲ್ಲಿ ಕೊಡಗಿಗೆ ಅಂತಲೇ ಒಬ್ಬ ಎಂಪಿ ಇದ್ದರಂತೆ. ನಾನು ಮೊದಲ ಸಲ ವೋಟು ಹಾಕಿದಾಗ ನಮ್ಮದು ಮಂಗಳೂರು ಕ್ಷೇತ್ರ. ಈಗ ಮೈಸೂರು. ಮೊದಲು ಜಿಲ್ಲೆಗೆ ಮೂವರು ಎಂಎಲ್‌ಎ ಇದ್ದರು, ಈಗ ಇಬ್ಬರು. ಸೋಮವಾರಪೇಟೆ ಅನ್ನೋ ಕ್ಷೇತ್ರದ ಹೆಸರೇ ಇಲ್ಲ. ಮುಂದೆ ಕ್ಷೇತ್ರಗಳ ಗಡಿ ಮತ್ತೆ ಗುರುತಿಸುವ ವಿಂಗಡಣೆಯಲ್ಲಿ ಒಂದೇ ಉಳಿಯುತ್ತೆ ಅಂತ ಸಂತೆಯಲ್ಲಿ ಮಾತು. ಮಕ್ಕಳು ಕಡಿಮೆ ಮಾಡಿಕೊಂಡಿದ್ದಕ್ಕೆ ಇದು ಶಿಕ್ಷೆನಾ? ಲಕ್ಷದ್ವೀಪಕ್ಕೆ ಒಬ್ಬ ಎಂಪಿ ಕೊಡಬಹುದು, ನಮಗೆ ಯಾಕೆ ಆಗಲ್ಲ? ಮಗ ಸೊಸೆ ಬೆಂಗಳೂರಿನಲ್ಲಿ ಇದ್ದಾರೆ. ಊರಿನ ಸೀಟು ಉಳಿಯಲಿ ಅಂತ ಅವರ ಹೆಸರು ಇಲ್ಲಿನ ಪಟ್ಟಿಯಲ್ಲೇ ಬಿಡಿಸಿದ್ದೇನೆ. ಅಲ್ಲಿಯೂ ಮಾಡಿಸಿಕೊಂಡಿದ್ದಾರೆ. ಇದು ತಪ್ಪಾ? ನಮ್ಮವರಲ್ಲಿ ಕೆಲವರು ಬಹಿಷ್ಕಾರ ಅಂತಾರೆ, ಕೆಲವರು ನೋಟಾ, ಕೆಲವರು ಕೇಂದ್ರಾಡಳಿತ ಪ್ರದೇಶ ಆಗಬೇಕು ಅಂತಾರೆ. ಯಾವುದರಿಂದ ಉಪಯೋಗ ಇದೆ?

ಉತ್ತರ: ನೀವು ಬರೆದದ್ದರಲ್ಲಿ ಮೂರು ಬೇರೆ ಬೇರೆ ಚಿಂತೆ ಒಂದಕ್ಕೊಂದು ಗಂಟು ಬಿದ್ದಿವೆ. ಸ್ಥಾನಗಳ ಸಂಖ್ಯೆ ಕಡಿಮೆ ಆಗುತ್ತಿದೆ ಎಂಬ ಭಯ ಒಂದು. ನಮ್ಮ ಮಾತಿಗೆ ಬೆಲೆ ಇಲ್ಲ ಎಂಬ ಬೇಸರ ಇನ್ನೊಂದು. ಮಗ ಸೊಸೆಯ ಹೆಸರಿನ ವಿಷಯ ಮೂರನೆಯದು. ಚುನಾವಣಾ ಶಾಖೆಯಲ್ಲಿ ಮತದಾರರ ಪಟ್ಟಿಯ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಮೊದಲನೆಯದಕ್ಕೆ ನೀವು ಇಷ್ಟು ಹೆದರಬೇಕಾಗಿಲ್ಲ. ಎರಡನೆಯದು ನಿಜವಾದ ವಿಷಯ. ಮೂರನೆಯದನ್ನು ಮಾತ್ರ ಆದಷ್ಟು ಬೇಗ ಸರಿ ಮಾಡಿಕೊಳ್ಳಿ.

ನಿಮ್ಮಪ್ಪ ಹೇಳಿದ್ದು ಸುಳ್ಳಲ್ಲ. 1952ರ ಮೊದಲ ಚುನಾವಣೆಯಲ್ಲಿ ಕೊಡಗಿಗೆ ಅಂತಲೇ ಲೋಕಸಭಾ ಸ್ಥಾನ ಇತ್ತು, ಕಾಂಗ್ರೆಸ್ಸಿನ ಎನ್. ಸೋಮಣ್ಣ ಗೆದ್ದಿದ್ದರು. ಅದು ಸಿಕ್ಕಿದ್ದು ಕೊಡಗು ಆಗ ಒಂದು ರಾಜ್ಯ ಆಗಿದ್ದಕ್ಕೆ. ಸಿ ವರ್ಗದ ರಾಜ್ಯ, ಅಂದರೆ ಕೇಂದ್ರದ ಹಿಡಿತದಲ್ಲಿದ್ದ ಚಿಕ್ಕ ರಾಜ್ಯ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ, 24 ಜನರ ವಿಧಾನಸಭೆ. 1951ರ ಗಣತಿಯಲ್ಲಿ ಕೊಡಗಿನ ಜನಸಂಖ್ಯೆ 2.29 ಲಕ್ಷ. ಅಂದರೆ ಒಂಬತ್ತೂವರೆ ಸಾವಿರ ಜನರಿಗೆ ಒಬ್ಬ ಎಂಎಲ್‌ಎ! ಈಗ ಒಂದೆರಡು ಗ್ರಾಮ ಪಂಚಾಯಿತಿಯಲ್ಲಿ ಇರುವಷ್ಟು ಜನ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯದಲ್ಲಿ ಸೇರಿದ ಮೇಲೆ ಕೊಡಗು ಒಂದು ಜಿಲ್ಲೆ ಆಯಿತು. ಜಿಲ್ಲೆಗೆ ಎಂಪಿ ಕೊಡುವ ನಿಯಮ ಸಂವಿಧಾನದಲ್ಲಿ ಎಲ್ಲೂ ಇಲ್ಲ. ಹಾಗಾಗಿ ಮೈಸೂರಿನವರೋ ಮಂಗಳೂರಿನವರೋ ನಮ್ಮ ಸ್ಥಾನ ಕಿತ್ತುಕೊಂಡರು ಎನ್ನುವ ಮಾತು ಸರಿಯಲ್ಲ. ರಾಜ್ಯ ಹೋಯಿತು, ಅದರ ಜೊತೆ ಸ್ಥಾನವೂ ಹೋಯಿತು.

ಲಕ್ಷದ್ವೀಪದ್ದೂ ಇದೇ ಲೆಕ್ಕ. ಅಲ್ಲಿ ಇರುವುದು 64 ಸಾವಿರ ಜನ, 2011ರ ಗಣತಿಯ ಪ್ರಕಾರ. ಅದು ಕೇಂದ್ರಾಡಳಿತ ಪ್ರದೇಶ ಆದ್ದರಿಂದ ಕನಿಷ್ಠ ಒಬ್ಬ ಎಂಪಿ. ಸಿಕ್ಕಿಂನಲ್ಲಿ 6.1 ಲಕ್ಷ ಜನ, ಹೆಚ್ಚುಕಡಿಮೆ ಕೊಡಗಿನಷ್ಟೇ. ರಾಜ್ಯ ಆಗಿರುವುದಕ್ಕೆ ಅದಕ್ಕೂ ಒಬ್ಬ ಎಂಪಿ. ಕರ್ನಾಟಕದ ಒಳಗೆ ಮಾತ್ರ ಲೆಕ್ಕ ಬೇರೆ. 6.11 ಕೋಟಿ ಜನಕ್ಕೆ 28 ಸ್ಥಾನ, ಒಂದಕ್ಕೆ ಸರಾಸರಿ 21.8 ಲಕ್ಷ. ಕೊಡಗಿನ ಜನಸಂಖ್ಯೆ 5,54,519. ಅಂದರೆ ಸುಮಾರು ಕಾಲು ಭಾಗ. ನಾಳೆ ರಾಜ್ಯದ ಲೋಕಸಭಾ ಸ್ಥಾನಗಳು ಒಂದೂವರೆ ಪಟ್ಟು ಆದವು ಅಂತಲೇ ಇಟ್ಟುಕೊಳ್ಳಿ. ಆಗಲೂ ಕೊಡಗು ಒಂದೇ ಒಂದು ಕ್ಷೇತ್ರ ತುಂಬುವುದಿಲ್ಲ.

ಈಗ ಮೂರು ಎಂಎಲ್‌ಎ ಎರಡಾದದ್ದು. ಇದರ ಬಗ್ಗೆ ನಾನು ಕೇಳಿರುವಷ್ಟು ಕತೆ ಬೇರೆ ಯಾವುದರ ಬಗ್ಗೆಯೂ ಕೇಳಿಲ್ಲ. ಯಾರೋ ದೊಡ್ಡವರು ಬೆಂಗಳೂರಿನಲ್ಲಿ ಕೂತು ಅಳಿಸಿದರು, ವೋಟು ಹಾಕುವವರು ಕಡಿಮೆ ಆದದ್ದಕ್ಕೆ ಹೋಯಿತು, ಹೀಗೆ. ಕಾಗದ ಪೆನ್ನು ತೆಗೆದುಕೊಂಡು ನೀವೇ ಭಾಗಿಸಿ ನೋಡಬಹುದು. 1970ರ ದಶಕದ ವಿಂಗಡಣೆಗೆ ಹಿಡಿದದ್ದು 1971ರ ಗಣತಿ. ರಾಜ್ಯದಲ್ಲಿ 2.93 ಕೋಟಿ ಜನ, 224 ಸ್ಥಾನ, ಒಂದಕ್ಕೆ ಸರಾಸರಿ 1.31 ಲಕ್ಷ. ಕೊಡಗಿನಲ್ಲಿ 3.78 ಲಕ್ಷ. ಭಾಗಿಸಿದರೆ 2.9 ಬರುತ್ತದೆ, ಮೂರು ಸ್ಥಾನ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಆಯೋಗ ಮಾಡಿದ ವಿಂಗಡಣೆ 2008ರಲ್ಲಿ ಜಾರಿಗೆ ಬಂತು. ಅದಕ್ಕೆ ಹಿಡಿದದ್ದು 2001ರ ಗಣತಿ. ರಾಜ್ಯದಲ್ಲಿ 5.28 ಕೋಟಿ ಜನ, ಸ್ಥಾನ ಅದೇ 224, ಸರಾಸರಿ 2.36 ಲಕ್ಷ. ಕೊಡಗಿನಲ್ಲಿ 5.48 ಲಕ್ಷ. ಭಾಗಿಸಿದರೆ 2.3. ಆಯೋಗ ಜಿಲ್ಲೆಯ ಗಡಿ ದಾಟದೆ ವಿಧಾನಸಭಾ ಸ್ಥಾನ ಹಂಚಿತು, ಆ ಚಿಲ್ಲರೆ 0.3 ನಮಗೆ ಸಿಗಲಿಲ್ಲ. ಅದೇ ವಿಂಗಡಣೆಯಲ್ಲಿ ಬೆಂಗಳೂರಿನ 16 ಸ್ಥಾನ 28 ಆದವು. ನಿಮ್ಮ ಮಗ ಸೊಸೆಯಂಥವರೆಲ್ಲ ಹೋಗಿ ಸೇರಿದ್ದು ಅಲ್ಲಿಗೇ ಅಲ್ವಾ.

ಹಾಗಾದರೆ ಜನಸಂಖ್ಯೆ ಹತೋಟಿಯಲ್ಲಿ ಇಟ್ಟದ್ದಕ್ಕೆ ಶಿಕ್ಷೆನಾ? ಅರ್ಧ ನಿಜ. 2001ರಿಂದ 2011ರವರೆಗೆ ಕರ್ನಾಟಕದ ಜನಸಂಖ್ಯೆ ಶೇ. 15.6ರಷ್ಟು ಬೆಳೆಯಿತು. ಕೊಡಗಿನದು ಬರೀ ಶೇ. 1.09. ಹತ್ತು ವರ್ಷದಲ್ಲಿ ಇಡೀ ಜಿಲ್ಲೆಗೆ ಆರು ಸಾವಿರ ಜನವೂ ಸೇರಲಿಲ್ಲ. ಇದಕ್ಕೆ ಚಿಕ್ಕ ಕುಟುಂಬ ಒಂದು ಕಾರಣ. ಓದಿದ ಮಕ್ಕಳು ತೋಟ ಬಿಟ್ಟು ಹೋದದ್ದು ಇನ್ನೊಂದು. ಎರಡನೆಯದಕ್ಕೆ ಯಾವ ಆಯೋಗವನ್ನೂ ಬೈದು ಪ್ರಯೋಜನ ಇಲ್ಲ.

ಇನ್ನು ಮುಂದೆ ಒಂದೇ ಉಳಿಯುತ್ತೆ ಎನ್ನುವ ಸಂತೆಯ ಮಾತು. ಹಿಂದಿನಂತೆ ಜಿಲ್ಲೆಯನ್ನೇ ಲೆಕ್ಕಕ್ಕೆ ಹಿಡಿದರೆ ಅದು ಅಷ್ಟು ಸುಲಭಕ್ಕೆ ಆಗುವುದಿಲ್ಲ. 2011ರ ಅಂಕಿ ಹಿಡಿದು ಭಾಗಿಸಿದರೆ ಕೊಡಗಿಗೆ ಬರುವುದು 2.03. ಅಂದರೆ ಎರಡು ಸ್ಥಾನ ಅಳತೆಗೆ ಸರಿಯಾಗಿದೆ, ಒಂದಿಷ್ಟೂ ಹೆಚ್ಚುಕಡಿಮೆ ಇಲ್ಲ. ಒಂದಕ್ಕೆ ಇಳಿಯಬೇಕಾದರೆ ಭಾಗಲಬ್ಧ ಒಂದೂವರೆಗಿಂತ ಕೆಳಗೆ ಹೋಗಬೇಕು. ಕೊಡಗು ಐದೂವರೆ ಲಕ್ಷದಲ್ಲೇ ನಿಂತು, ಸ್ಥಾನ 224 ಆಗಿಯೇ ಉಳಿದು, ರಾಜ್ಯದ ಜನಸಂಖ್ಯೆ ಎಂಟೂಕಾಲು ಕೋಟಿ ದಾಟಿದರೆ ಮಾತ್ರ ಹಾಗಾಗುತ್ತದೆ. ವಿಧಾನಸಭೆಯ ಸ್ಥಾನಗಳನ್ನೇ ಜಾಸ್ತಿ ಮಾಡಿದರೆ ಉಲ್ಟಾ ಮೂರನೆಯದು ವಾಪಸ್ ಬಂದರೂ ಬಂತು. ಎಷ್ಟು ಸ್ಥಾನ, ಯಾವ ಗಣತಿ ಎನ್ನುವುದು ಸಂಸತ್ತಿನ ಕೈಯಲ್ಲಿದೆ. ಅದು ತೀರ್ಮಾನ ಆಗುವ ಮೊದಲೇ ಸಂತೆಯಲ್ಲಿ ಸೀಟು ಕಳೆಯುವುದು ಬೇಡ.

ನಿಮ್ಮ ಹತ್ತಿರ ನಿಜವಾದ ತಕರಾರು ಒಂದಿದೆ, ಅದನ್ನು ನೀವು ಬರೆದಿಲ್ಲ. ಕೊಡಗು 4,102 ಚದರ ಕಿಲೋಮೀಟರ್. ಬೆಂಗಳೂರು ನಗರ ಜಿಲ್ಲೆ ಅದರ ಅರ್ಧದಷ್ಟು, ಅಲ್ಲಿ 28 ಎಂಎಲ್‌ಎ. ಇಲ್ಲಿ ಇಬ್ಬರು. ಕಾನೂನು ಬೆಟ್ಟ, ಹೊಳೆ, ರಸ್ತೆ ಎಲ್ಲವನ್ನೂ ಲೆಕ್ಕಕ್ಕೆ ತಗೊಳ್ಳುತ್ತದೆ. ಆದರೆ ಗೆರೆ ಎಳೆಯುವಾಗ ಮಾತ್ರ, ಸ್ಥಾನ ಎಣಿಸುವಾಗ ಅಲ್ಲ. ಮಳೆಗಾಲದಲ್ಲಿ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೋಗಲು ಅರ್ಧ ದಿನ ಬೇಕಾಗುವ ಕ್ಷೇತ್ರಕ್ಕೂ, ಮೆಟ್ರೋದಲ್ಲಿ ನಾಲ್ಕು ನಿಲ್ದಾಣದಲ್ಲಿ ಮುಗಿಯುವ ಕ್ಷೇತ್ರಕ್ಕೂ ಒಂದೇ ಅಳತೆಗೋಲು.

ಗೆರೆ ಎಂದಾಗ ನಮ್ಮ ಜಿಲ್ಲೆಯ ಗೆರೆಯನ್ನೇ ನೋಡಿ. ಭಾಗಮಂಡಲ, ನಾಪೋಕ್ಲು ಕಡೆಯವರ ತಾಲೂಕು ಕಚೇರಿ ಮಡಿಕೇರಿ. ಅವರ ವಿಧಾನಸಭಾ ಕ್ಷೇತ್ರ ವಿರಾಜಪೇಟೆ. ತಲಕಾವೇರಿ ತೀರ್ಥೋದ್ಭವದ ಸಭೆಗೆ ವಿರಾಜಪೇಟೆ ಶಾಸಕರು ಯಾಕೆ ಮುಂದೆ ನಿಲ್ಲುತ್ತಾರೆ ಎಂದು ಹೊರಗಿನವರು ಕೇಳುತ್ತಾರೆ. ಕಾರಣ ಇದೇ. ಇತ್ತ ಸೋಮವಾರಪೇಟೆ, ಕುಶಾಲನಗರದ ಕಡೆಯೆಲ್ಲ ಮಡಿಕೇರಿ ಕ್ಷೇತ್ರಕ್ಕೆ ಸೇರಿದೆ. ಮಡಿಕೇರಿ ಕ್ಷೇತ್ರದಲ್ಲಿ ಯಾರು ಗೆಲ್ಲಬೇಕು ಎನ್ನುವುದರಲ್ಲಿ ಮಡಿಕೇರಿ ಪಟ್ಟಣಕ್ಕಿಂತ ನಿಮ್ಮ ಕಡೆಯವರ ಕೈ ಮೇಲು. ನಿಮ್ಮ ಕ್ಷೇತ್ರದ ಹೆಸರು ಹೋಗಿದೆ ನಿಜ, ನಿಮ್ಮ ತೂಕ ಹೋಗಿಲ್ಲ. ಹಾಗೆಯೇ ವಿರಾಜಪೇಟೆ 2008ರ ಮೊದಲು ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿತ್ತು, ಆಮೇಲೆ ಸಾಮಾನ್ಯ ಆಯಿತು. ಮೂರು ಎರಡಾದದ್ದನ್ನು ಎಲ್ಲರೂ ಹೇಳುತ್ತಾರೆ. ಎರವರು, ಜೇನು ಕುರುಬರಂಥ ಬುಡಕಟ್ಟಿನವರಿಗೆ ವಿಧಾನಸಭೆಯ ಆ ಬಾಗಿಲು ಮುಚ್ಚಿದ್ದನ್ನು ಹೇಳುವವರು ಕಡಿಮೆ.

ಈಗ ಎರಡನೆಯ ವಿಷಯಕ್ಕೆ ಬರೋಣ. ಮೈಸೂರಿನವರೇ ಎಲ್ಲ ತೀರ್ಮಾನ ಮಾಡುತ್ತಾರೆ ಎನ್ನುವ ಬೇಸರ. ಕಾಗದದ ಮೇಲೆ ನಮ್ಮ ಲೋಕಸಭಾ ಕ್ಷೇತ್ರದ ಹೆಸರು ಬರೀ ಮೈಸೂರು. ಕೊಡಗು ಎಂದು ಸೇರಿಸುವುದು ಜನರ ಬಾಯಲ್ಲಿ, ಪೇಪರಿನಲ್ಲಿ. ಅದರಲ್ಲಿ ಎಂಟು ವಿಧಾನಸಭಾ ಕ್ಷೇತ್ರ ಇವೆ: ಮಡಿಕೇರಿ, ವಿರಾಜಪೇಟೆ, ಪಿರಿಯಾಪಟ್ಟಣ, ಹುಣಸೂರು, ಚಾಮುಂಡೇಶ್ವರಿ, ಮತ್ತೆ ನಗರದ ಕೃಷ್ಣರಾಜ, ಚಾಮರಾಜ, ನರಸಿಂಹರಾಜ. ಸುಮಾರು 21 ಲಕ್ಷ ಮತದಾರರಲ್ಲಿ ಕೊಡಗಿನವರು ನಾಲ್ಕೂವರೆ ಲಕ್ಷದ ಆಸುಪಾಸು. ಐದರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ. ಎಣಿಕೆಯ ದಿನ ಎಂಟರದ್ದೂ ಒಂದೇ ರಾಶಿ. ಮಾದಾಪುರದ ಒಂದು ವೋಟಿಗೂ ಮೈಸೂರಿನ ಕುವೆಂಪುನಗರದ ಒಂದು ವೋಟಿಗೂ ಬೆಲೆ ಸಮ.

ಆದರೆ ಐದನೇ ಒಂದು ಪಾಲಿನವರು ಯಾವಾಗ ಗಟ್ಟಿ, ಯಾವಾಗ ಇದ್ದೂ ಇಲ್ಲದಂತೆ? ಗೆಲುವಿನ ಅಂತರಗಳನ್ನು ನೋಡಿದರೆ ಗೊತ್ತಾಗುತ್ತದೆ. 2009ರಲ್ಲಿ ಕಾಂಗ್ರೆಸ್ಸಿನ ಎ.ಎಚ್. ವಿಶ್ವನಾಥ್ ಗೆದ್ದದ್ದು 7,691 ಮತಗಳಿಂದ. 2014ರಲ್ಲಿ ಬಿಜೆಪಿಯ ಪ್ರತಾಪ್ ಸಿಂಹ ಗೆದ್ದದ್ದು 31,608ರಿಂದ. 2019ರಲ್ಲಿ ಅವರದೇ ಅಂತರ 1,38,647. 2024ರಲ್ಲಿ ಯದುವೀರ್ ಒಡೆಯರ್ ಅವರದ್ದು 1,39,262. ಏಳು ಸಾವಿರದ ಅಂತರ ಇದ್ದಾಗ ಸುಂಟಿಕೊಪ್ಪದಿಂದ ಸಂಪಾಜೆವರೆಗಿನ ಕೆಲವೇ ಮತಗಟ್ಟೆಗಳು ಆಚೀಚೆ ಆಗಿದ್ದರೂ ಫಲಿತಾಂಶ ತಿರುಗುತ್ತಿತ್ತು. ಆಗ ಎಲ್ಲ ಪಕ್ಷದವರ ಜೀಪೂ ಘಾಟಿ ಹತ್ತುತ್ತದೆ. ಒಂದೂಕಾಲು ಲಕ್ಷ ದಾಟಿದ ಮೇಲೆ ಯಾರಿಗೂ ಅವಸರ ಇರುವುದಿಲ್ಲ. ಗೆಲ್ಲುವವರಿಗೆ ನೀವು ಹೇಗೂ ನಮ್ಮವರು ಎಂಬ ಧೈರ್ಯ, ಸೋಲುವವರಿಗೆ ನೀವು ಹೇಗೂ ಸಿಗಲ್ಲ ಎಂಬ ಉದಾಸೀನ. ನಿಮ್ಮನ್ನು ಕಾಡುತ್ತಿರುವುದು ಇದು. ಕ್ಷೇತ್ರಕ್ಕೆ ಕೊಡಗು ಎಂದು ಹೆಸರಿಟ್ಟರೂ ಇದು ಹೋಗುವುದಿಲ್ಲ.

ವಿಧಾನಸಭೆಯಲ್ಲೂ ಅದೇ. 2008, 2013, 2018, ಮೂರು ಸಲವೂ ಎರಡೂ ಸ್ಥಾನ ಬಿಜೆಪಿಯ ಅಪ್ಪಚ್ಚು ರಂಜನ್ ಮತ್ತು ಕೆ.ಜಿ. ಬೋಪಯ್ಯ ಅವರ ಕೈಯಲ್ಲಿತ್ತು. 2023ರಲ್ಲಿ ಎರಡೂ ಕಾಂಗ್ರೆಸ್ಸಿಗೆ ಹೋದವು, ಮಡಿಕೇರಿಯಲ್ಲಿ ಮಂಥರ್ ಗೌಡ, ವಿರಾಜಪೇಟೆಯಲ್ಲಿ ಎ.ಎಸ್. ಪೊನ್ನಣ್ಣ. ಎರಡೂ ಕಡೆ ಅಂತರ ಐದು ಸಾವಿರದ ಒಳಗೆ. ಯಾವ ಪಕ್ಷ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ, ಅದು ನನ್ನ ಕೆಲಸವೂ ಅಲ್ಲ. ಆದರೆ ಐದು ಸಾವಿರದ ಅಂತರದಲ್ಲಿ ಗೆದ್ದವರು, ಸೋತವರು ಇಬ್ಬರೂ ಫೋನ್ ಎತ್ತುತ್ತಾರೆ. ಇದನ್ನು ನೀವೇ ಗಮನಿಸಿರಬಹುದು.

ಹಾಗೆಂದು ದೊಡ್ಡ ಕ್ಷೇತ್ರದ ಒಳಗೆ ಕೊಡಗಿನವರು ಗೆಲ್ಲಲು ಆಗುವುದೇ ಇಲ್ಲ ಎಂದೂ ಅಲ್ಲ. 1967ರಲ್ಲಿ ಮಂಗಳೂರು ಕ್ಷೇತ್ರದಿಂದ ಲೋಕಸಭೆಗೆ ಹೋದವರು ಅದೇ ಸಿ.ಎಂ. ಪೂಣಚ್ಚ. ಅಲ್ಲಿ ರೈಲ್ವೆ ಮಂತ್ರಿಯೂ ಆದರು. ಜಿಲ್ಲೆಗೆ ಇವತ್ತಿಗೂ ರೈಲು ಬಂದಿಲ್ಲ ಎನ್ನುವುದು ಬೇರೆ ಮಾತು.

ಇನ್ನು ನೀವು ಕೇಳಿದ ದಾರಿಗಳು. ಬಹಿಷ್ಕಾರ ಒಂದೇ ಊರಿನ ಒಂದೇ ಬೇಡಿಕೆಗೆ ಕೆಲವೊಮ್ಮೆ ಕೆಲಸ ಮಾಡುತ್ತದೆ. ರಸ್ತೆ ಇಲ್ಲ, ಸೇತುವೆ ಇಲ್ಲ, ನೆಟ್‌ವರ್ಕ್ ಇಲ್ಲ ಎಂದು ಬೋರ್ಡ್ ಹಾಕಿದರೆ ಮತದಾನದ ಹಿಂದಿನ ದಿನ ತಹಸೀಲ್ದಾರರು ಓಡಿ ಬರುತ್ತಾರೆ, ಒಂದು ಮುಚ್ಚಳಿಕೆ ಸಿಗುತ್ತದೆ. ಕ್ಷೇತ್ರ ವಿಂಗಡಣೆಯಂಥ ದೊಡ್ಡ ವಿಷಯಕ್ಕೆ ಬಹಿಷ್ಕಾರ ಮಾಡಿದರೆ ನಷ್ಟ ನಿಮಗೇ. ಐದನೇ ಒಂದು ಪಾಲು ಇರುವವರಲ್ಲಿ ಕೆಲವರು ಮನೆಯಲ್ಲೇ ಕೂತರೆ ಅದು ಆರನೇ ಒಂದು ಪಾಲು ಆಗುತ್ತದೆ, ಅಷ್ಟೇ. ನೋಟಾ 2013ರಿಂದ ಯಂತ್ರದಲ್ಲಿದೆ. ನೋಟಾಗೆ ಎಲ್ಲರಿಗಿಂತ ಹೆಚ್ಚು ಮತ ಬಂದರೂ ಲೋಕಸಭೆ, ವಿಧಾನಸಭೆ ಚುನಾವಣೆ ರದ್ದಾಗುವುದಿಲ್ಲ. ಅಭ್ಯರ್ಥಿಗಳಲ್ಲಿ ಮುಂದೆ ಇದ್ದವರೇ ಗೆದ್ದಂತೆ. ಸಿಟ್ಟು ತೋರಿಸಲು ಸಾಕು, ಒತ್ತಡ ಹಾಕಲು ಸಾಲದು.

ಕೇಂದ್ರಾಡಳಿತ ಅಥವಾ ಪ್ರತ್ಯೇಕ ರಾಜ್ಯದ ಮಾತು ಎತ್ತುವವರು ಲಡಾಖ್ ಕಡೆ ಒಂದು ಸಲ ನೋಡಬೇಕು. 2019ರ ಮೊದಲು ಅಲ್ಲಿನ ಜನಕ್ಕೆ ಜಮ್ಮು ಕಾಶ್ಮೀರ ವಿಧಾನಸಭೆಯಲ್ಲಿ ನಾಲ್ಕು ಸ್ಥಾನ ಇತ್ತು. ಕೇಂದ್ರಾಡಳಿತ ಆದ ಮೇಲೆ ಒಬ್ಬ ಎಂಪಿ ಇದ್ದಾರೆ, ವಿಧಾನಸಭೆಯೇ ಇಲ್ಲ. ಮೊದಲು ಕೇಂದ್ರಾಡಳಿತ ಬೇಕು ಎಂದವರೇ ಆಮೇಲೆ ರಾಜ್ಯದ ಸ್ಥಾನಮಾನ ಕೊಡಿ ಎಂದು ಬೀದಿಗೆ ಬಂದರು. ಎಂಪಿಯ ಆಸೆಗೆ ಇಬ್ಬರು ಎಂಎಲ್‌ಎಗಳನ್ನು ಕಳೆದುಕೊಳ್ಳುವ ಅಪಾಯ ಅದರಲ್ಲಿದೆ. ಪುದುಚೇರಿಗೆ ವಿಧಾನಸಭೆ ಇದೆ, ಒಪ್ಪುತ್ತೇನೆ. ಆದರೆ ಕೊಡುವುದು ಬಿಡುವುದು ಸಂಸತ್ತಿನ ಇಷ್ಟ.

ಕೊಡವ ನ್ಯಾಷನಲ್ ಕೌನ್ಸಿಲ್ ಅಂದರೆ ಸಿಎನ್‌ಸಿಯವರು ಇನ್ನೊಂದು ಬೇಡಿಕೆ ಇಟ್ಟಿದ್ದಾರೆ. ಸಿಕ್ಕಿಂ ವಿಧಾನಸಭೆಯಲ್ಲಿ ಸಂಘ ಎಂಬ ಕ್ಷೇತ್ರ ಇದೆ. ಅದಕ್ಕೆ ಭೂಮಿಯ ಗಡಿ ಇಲ್ಲ, ಇಡೀ ರಾಜ್ಯದ ಬೌದ್ಧ ಮಠಗಳ ಸನ್ಯಾಸಿಗಳು ಮಾತ್ರ ಅದಕ್ಕೆ ಮತ ಹಾಕುತ್ತಾರೆ. ಅಂಥದ್ದೊಂದು ಕೊಡವರಿಗೆ ಬೇಕು ಎನ್ನುವುದು ಆ ಬೇಡಿಕೆ. ಸಿಕ್ಕಿಂಗೆ ಅದು ಸಿಕ್ಕಿದ್ದು ಭಾರತಕ್ಕೆ ಸೇರುವಾಗ ಆದ ಏರ್ಪಾಡಿನಿಂದ, 371ಎಫ್ ವಿಧಿಯ ಅಡಿಯಲ್ಲಿ. ಇಲ್ಲಿ ಅದಕ್ಕೆ ಸಂವಿಧಾನ ತಿದ್ದುಪಡಿಯೇ ಆಗಬೇಕು. ಜೊತೆಗೆ ಕೊಡಗಿನಲ್ಲಿ ಅರೆಭಾಷೆ ಗೌಡರಿದ್ದಾರೆ, ಎರವರು, ಕುರುಬರು, ಲಿಂಗಾಯತರು, ಮುಸ್ಲಿಮರು, ತೋಟಕ್ಕೆಂದು ಬಂದು ನೆಲೆ ನಿಂತವರು ಇದ್ದಾರೆ. ಒಬ್ಬರಿಗೆ ಪ್ರತ್ಯೇಕ ಎಂದ ಕೂಡಲೇ ನಮ್ಮದೇನು ಕತೆ ಎಂದು ಉಳಿದವರು ಕೇಳುತ್ತಾರೆ. ಬೇಡಿಕೆ ಇಡುವ ಹಕ್ಕು ಎಲ್ಲರಿಗೂ ಇದೆ. ಮುಂದಿನ ಚುನಾವಣೆಗೆ ಇದರಿಂದ ಏನಾದರೂ ಆಗುತ್ತದೆ ಎಂದು ಮಾತ್ರ ಕಾಯಬೇಡಿ.

ನನ್ನ ಕೇಳಿದರೆ ಗಟ್ಟಿಯಾದ ದಾರಿ ಇನ್ನೊಂದಿದೆ. ಅದಕ್ಕೆ ಗಲಾಟೆ ಬೇಕಾಗಿಲ್ಲ, ತಯಾರಿ ಬೇಕು. ವಿಂಗಡಣೆ ಆಯೋಗ ಮೊದಲು ಕರಡು ಪ್ರಕಟಿಸುತ್ತದೆ, ಆಕ್ಷೇಪಣೆಗೆ ದಿನ ಕೊಡುತ್ತದೆ, ಸಾರ್ವಜನಿಕ ಸಭೆ ಮಾಡುತ್ತದೆ. 2002ರ ಕಾಯ್ದೆಯಲ್ಲಿ ಇದ್ದ ಕ್ರಮ ಇದು. ಆಯೋಗದ ಜೊತೆ ಎಂಪಿ, ಎಂಎಲ್‌ಎಗಳು ಕೂರುತ್ತಾರೆ, ಅವರಿಗೆ ಮತ ಹಾಕುವ ಅಧಿಕಾರ ಇಲ್ಲ. ಅಂತಿಮ ಆದೇಶ ಬಂದ ಮೇಲೆ ಅದು ಕಾನೂನೇ. ಕೋರ್ಟಿಗೆ ಹೋಗುವ ದಾರಿ ಬಹಳ ಕಿರಿದು. ತೀರಾ ಮನಸ್ಸಿಗೆ ಬಂದಂತೆ ಮಾಡಿದ್ದರೆ ನೋಡಬಹುದು ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅಷ್ಟೇ. ಹಾಗಾಗಿ ಹೇಳುವುದನ್ನೆಲ್ಲ ಕರಡು ಇರುವಾಗಲೇ ಹೇಳಬೇಕು.

ಆಕ್ಷೇಪಣೆ ಬರೆಯುವುದರಲ್ಲಿ ನಮ್ಮವರು ಎಡವುತ್ತಾರೆ. ಕೊಡಗಿನ ಇತಿಹಾಸ, ಕಾವೇರಮ್ಮ, ಜನರಲ್ ತಿಮ್ಮಯ್ಯ, ಎಲ್ಲ ಬರೆದು ಕೊನೆಗೆ ನಮಗೆ ನ್ಯಾಯ ಕೊಡಿ ಎನ್ನುತ್ತಾರೆ. ಓದುವ ಅಧಿಕಾರಿಗೆ ಅದರಿಂದ ಏನೂ ಮಾಡಲು ಆಗುವುದಿಲ್ಲ. ಕಾನೂನು ಕೇಳುವುದು ನಾಲ್ಕೇ ಸಂಗತಿ: ನೆಲದ ಸ್ವರೂಪ, ಈಗಿರುವ ಆಡಳಿತದ ಗಡಿ, ಓಡಾಟದ ಸೌಕರ್ಯ, ಜನರ ಅನುಕೂಲ. ನೀವು ಬರೆಯಬೇಕಾದದ್ದು ಹೀಗೆ: ಈ ಹೋಬಳಿಯ ಇಷ್ಟು ಗ್ರಾಮಗಳನ್ನು ಆ ಕಡೆ ಹಾಕಿದ್ದೀರಿ, ಅಲ್ಲಿಂದ ಕ್ಷೇತ್ರದ ಕೇಂದ್ರಕ್ಕೆ ನೇರ ಬಸ್ಸಿಲ್ಲ, ಎರಡು ಬಸ್ ಬದಲಿಸಬೇಕು, ಮಳೆಗಾಲದಲ್ಲಿ ಈ ರಸ್ತೆ ಮುಚ್ಚುತ್ತದೆ, ಇವುಗಳ ಬದಲು ಈ ಗ್ರಾಮಗಳನ್ನು ಹಾಕಿದರೆ ಜನಸಂಖ್ಯೆಯೂ ಸರಿಹೋಗುತ್ತದೆ. ಜೊತೆಗೆ ಒಂದು ನಕ್ಷೆ, ಗ್ರಾಮವಾರು ಜನಸಂಖ್ಯೆ. ಕೊನೆಯ ಸಾಲು ಬಹಳ ಮುಖ್ಯ. ತೆಗೆಯಿರಿ ಎಂದು ಹೇಳಿ ಬದಲಿಗೆ ಏನು ಹಾಕಬೇಕು ಎಂದು ಹೇಳದ ಅರ್ಜಿ ಫೈಲಿನಲ್ಲೇ ಉಳಿಯುತ್ತದೆ.

ಕೇಳಿದರೆ ಸಿಗಬಹುದಾದ ಸಣ್ಣ ವಿಷಯವೂ ಒಂದಿದೆ. ಉಡುಪಿ ಚಿಕ್ಕಮಗಳೂರು ಎಂಬ ಎರಡು ಹೆಸರಿನ ಲೋಕಸಭಾ ಕ್ಷೇತ್ರ ಕಾಗದದಲ್ಲೇ ಇದೆ. ಅಂದ ಮೇಲೆ ಮೈಸೂರು ಕೊಡಗು ಎಂದು ಅಧಿಕೃತವಾಗಿ ಬರೆಯಲು ಅಡ್ಡಿ ಏನಿಲ್ಲ. ಹೆಸರಿನಿಂದ ಹೊಟ್ಟೆ ತುಂಬಲ್ಲ ನಿಜ, ಖರ್ಚೂ ಇಲ್ಲ.

ಯಾರ ಜೊತೆ ಸೇರಿದರೆ ಒಳ್ಳೆಯದು ಎಂಬ ಚರ್ಚೆಯೂ ಆಗಬೇಕು. ಮಂಗಳೂರಿನ ಜೊತೆ ಇದ್ದದ್ದು ನೆನಪಿದ್ದವರಿಗೆ ಸಂಪಾಜೆ ಘಾಟಿಯೂ ನೆನಪಿರುತ್ತದೆ. 2018ರ ಆಗಸ್ಟಿನಲ್ಲಿ ನಿಮ್ಮ ಮಾದಾಪುರ, ಮಕ್ಕಂದೂರು, ಜೋಡುಪಾಲ ಕಡೆಯೆಲ್ಲ ಗುಡ್ಡ ಕುಸಿದಾಗ ಆ ದಾರಿ ಬಂದ್ ಆಗಿತ್ತು. ಆಸ್ಪತ್ರೆ, ಕಾಲೇಜು, ವ್ಯಾಪಾರ ಎಲ್ಲಕ್ಕೂ ಈಗ ಜನ ಇಳಿಯುವುದು ಮೈಸೂರಿಗೆ. ನನ್ನ ಅಭಿಪ್ರಾಯದಲ್ಲಿ ದಿಕ್ಕು ಸರಿಯಾಗಿದೆ, ಕೂಟ ಸರಿಯಿಲ್ಲ. ನಗರದ ಮೂರು ಕ್ಷೇತ್ರಗಳ ಚಿಂತೆ ರಿಂಗ್ ರೋಡ್, ವಿಮಾನ ನಿಲ್ದಾಣ. ನಮ್ಮದು ಕಾಫಿ, ಆನೆ, ಅರಣ್ಯದ ಗಡಿ. ಹುಣಸೂರು, ಪಿರಿಯಾಪಟ್ಟಣದವರದ್ದು ಹೊಗೆಸೊಪ್ಪು, ಅದೇ ಆನೆ. ಕಾಫಿ ಬೋರ್ಡ್, ತಂಬಾಕು ಮಂಡಳಿ ಎರಡೂ ದೆಹಲಿಯ ವಾಣಿಜ್ಯ ಸಚಿವಾಲಯದ ಕೆಳಗೇ ಬರುತ್ತವೆ. ರಾಜ್ಯಕ್ಕೆ ಲೋಕಸಭಾ ಸ್ಥಾನ ಜಾಸ್ತಿ ಆಗಿ ಕ್ಷೇತ್ರಗಳು ಚಿಕ್ಕದಾದರೆ, ಕೊಡಗಿನ ಜೊತೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಅತ್ತ ಹಾಸನ ಜಿಲ್ಲೆಯ ಸಕಲೇಶಪುರ, ಅರಕಲಗೂಡು ಇಂಥವನ್ನು ಸೇರಿಸಿ ಕಾಡಂಚಿನ ಕ್ಷೇತ್ರ ಒಂದನ್ನು ಕೇಳುವುದಕ್ಕೆ ಅರ್ಥ ಇದೆ. ಅಪಾಯವೂ ಇದೆ. ಮೂರು ಜಿಲ್ಲೆಗೆ ಹರಡಿದ ಕ್ಷೇತ್ರದಲ್ಲಿ ಎಂಪಿ ಕಚೇರಿ ಎಲ್ಲಿ ಎನ್ನುವುದೇ ಜಗಳ. ಐದು ಕೋಟಿಯ ವಾರ್ಷಿಕ ನಿಧಿ ಮೂರು ಜಿಲ್ಲಾಧಿಕಾರಿಗಳ ಮೇಜಿಗೆ ಹಂಚಿ ಹೋಗುತ್ತದೆ.

ಈ ನಡುವೆ ಎಲ್ಲರೂ ಮರೆತಿರುವ ಒಂದು ಸ್ಥಾನ ನಮ್ಮದೇ ಇದೆ. ವಿಧಾನ ಪರಿಷತ್ತಿನಲ್ಲಿ ಕೊಡಗು ಸ್ಥಳೀಯ ಸಂಸ್ಥೆಗಳ ಕ್ಷೇತ್ರ, ಜಿಲ್ಲೆಗೆ ಒಬ್ಬರೇ. ಮತ ಹಾಕುವವರು ಗ್ರಾಮ ಪಂಚಾಯಿತಿ, ಪಟ್ಟಣದ ಸಂಸ್ಥೆಗಳ ಸದಸ್ಯರು, ಸಾವಿರ ಚಿಲ್ಲರೆ ಜನ. ನಿಮ್ಮ ಪಂಚಾಯಿತಿಯ ಸದಸ್ಯರು ಯಾರಿಗೆ, ಯಾಕೆ ಹಾಕಿದರು ಎಂದು ಯಾವತ್ತಾದರೂ ಕೇಳಿದ್ದೀರಾ? ಸ್ವಂತ ಪ್ರತಿನಿಧಿ ಬೇಕು ಎನ್ನುವವರು ಮೊದಲು ಅಲ್ಲಿಂದ ಶುರು ಮಾಡಬಹುದು.

ಕೊನೆಗೆ ಮಗ ಸೊಸೆಯ ವಿಷಯ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಸ್ಥಾನ ಹಂಚುವುದು ಜನಗಣತಿಯ ಜನಸಂಖ್ಯೆ ನೋಡಿ, ಮತದಾರರ ಪಟ್ಟಿ ನೋಡಿ ಅಲ್ಲ. ಊರಿನ ಪಟ್ಟಿಯಲ್ಲಿ ಹೆಸರು ಬಿಟ್ಟರೆ ಸೀಟು ಉಳಿಯುವುದಿಲ್ಲ, ತೆಗೆದರೆ ಹೋಗುವುದೂ ಇಲ್ಲ. ಗಣತಿಯಲ್ಲಿ ಎಣಿಸುವುದು ಇಲ್ಲಿ ವಾಸ ಇರುವವರನ್ನು. ಅದರಲ್ಲಿ ನಿಮ್ಮ ಪಕ್ಕದ ತೋಟದ ಲೈನ್ ಮನೆಯ ಕೂಲಿಯವರೂ ಬರುತ್ತಾರೆ, ಹಾಡಿಯ ಬುಡಕಟ್ಟಿನವರೂ ಬರುತ್ತಾರೆ, ಅಸ್ಸಾಂ ಕಡೆಯಿಂದ ಬಂದು ಇಲ್ಲೇ ನಿಂತ ಕೆಲಸಗಾರರೂ ಬರುತ್ತಾರೆ. ಹೊರಗಿನವರು ಜಾಸ್ತಿ ಆದರು ಎಂದು ಸಂತೆಯಲ್ಲಿ ಗೊಣಗುವವರಿಗೆ ಇದನ್ನು ಹೇಳಿ. ಸ್ಥಾನದ ಲೆಕ್ಕದಲ್ಲಿ ಬಂದ ಆ 2.03ರಲ್ಲಿ ಅವರ ಪಾಲೂ ಇದೆ. ಗಣತಿಯವರು ಬಂದಾಗ ಲೈನ್ ಮನೆ ಬಿಟ್ಟು ಹೋಗದಂತೆ ನೋಡಿಕೊಂಡರೆ ನೀವು ಕೊಡಗಿಗೆ ಮಾಡುವ ಉಪಕಾರ ದೊಡ್ಡದು. ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ತಲೆ ಎಣಿಸಿ ಬರೆದುಕೊಂಡು ಹೋಗುವುದಕ್ಕಿಂತ ಮನೆ ಮನೆಗೆ ಹೋಗಿ ಎಂದು ಹೇಳಿ.

ಎರಡು ಕಡೆ ಹೆಸರು ಇಟ್ಟುಕೊಳ್ಳುವುದು ಮಾತ್ರ ಖಂಡಿತ ತಪ್ಪು. 1950ರ ಜನಪ್ರಾತಿನಿಧ್ಯ ಕಾಯ್ದೆಯ 17ನೇ ಕಲಂ ಪ್ರಕಾರ ಒಬ್ಬರು ಒಂದಕ್ಕಿಂತ ಹೆಚ್ಚು ಕ್ಷೇತ್ರದ ಪಟ್ಟಿಯಲ್ಲಿ ಇರುವಂತಿಲ್ಲ. ಅರ್ಜಿಯಲ್ಲಿ ಸುಳ್ಳು ಘೋಷಣೆ ಕೊಟ್ಟರೆ 31ನೇ ಕಲಂ ಇದೆ, ಒಂದು ವರ್ಷದವರೆಗೆ ಜೈಲು ಅಥವಾ ದಂಡ, ಅಥವಾ ಎರಡೂ. ವಿಚಾರಣೆಗೆ ಬರುವವರು ಸಾಮಾನ್ಯವಾಗಿ ಪ್ಲಾಸ್ಟಿಕ್ ಕವರಿನಲ್ಲಿ ಆರ್‌ಟಿಸಿ ತರುತ್ತಾರೆ. ಜಮ್ಮಾ ಬಾಣೆ (ವಂಶದ ಜಮೀನು) ನಮ್ಮ ಹೆಸರಲ್ಲಿದೆ ಸಾರ್, ಐನ್‌ಮನೆ (ಕುಲದ ಮನೆ) ಇಲ್ಲೇ ಇದೆ, ಕೈಲ್‌ಪೊಳ್ದ್, ಪುತ್ತರಿ ಹಬ್ಬಕ್ಕೆ ಬರುತ್ತೇವೆ, ಹೆಸರು ಯಾಕೆ ತೆಗೀಬೇಕು ಎಂದು ಕೇಳುತ್ತಾರೆ. ನ್ಯಾಯವಾದ ಸಂಕಟ. ಆದರೆ ಅದೇ ಕಾಯ್ದೆಯ 20ನೇ ಕಲಂ ನೇರವಾಗಿ ಹೇಳುತ್ತದೆ, ಮನೆ ಇದೆ ಎಂಬ ಒಂದೇ ಕಾರಣಕ್ಕೆ ಅಲ್ಲಿ ವಾಸ ಇದ್ದಂತೆ ಆಗುವುದಿಲ್ಲ. ಸ್ವಲ್ಪ ದಿನಕ್ಕೆ ಹೊರಗೆ ಹೋದವರ ಹೆಸರು ತೆಗೆಯಬೇಕಾಗಿಲ್ಲ. ಬೆಂಗಳೂರಿನಲ್ಲಿ ಸಂಸಾರ ಹೂಡಿ ಮಕ್ಕಳನ್ನು ಶಾಲೆಗೆ ಹಾಕಿದವರು ಸ್ವಲ್ಪ ದಿನದವರಲ್ಲ. ಸೇನೆಯಲ್ಲಿ ಇರುವವರಿಗೆ ಮಾತ್ರ ನಿಯಮ ಬೇರೆ. ಅವರು, ಜೊತೆಗಿರುವ ಹೆಂಡತಿ ಅಥವಾ ಗಂಡ, ಊರಿನ ವಿಳಾಸದಲ್ಲೇ ಸೇವಾ ಮತದಾರರಾಗಿ ಇರಬಹುದು.

ನಿಮ್ಮ ಮಗನಿಗೆ ಬೆಂಗಳೂರಿನಲ್ಲಿ ಈಗಾಗಲೇ ಹೆಸರು ಇರುವುದರಿಂದ ಇಲ್ಲಿನದನ್ನು ತೆಗೆಸಲು ನಮೂನೆ 7 ಸಾಕು. ಆನ್‌ಲೈನಿನಲ್ಲೂ ಕೊಡಬಹುದು, ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಕೈಗೂ ಕೊಡಬಹುದು. ಅವರೇ ಕೊಟ್ಟರೆ ಕೆಲಸ ಸಲೀಸು. ನೀವು ಅಪ್ಪ ಎಂದು ಅವರ ಪರವಾಗಿ ಸಹಿ ಹಾಕಬೇಡಿ. ಸೊಸೆಯದ್ದಕ್ಕೆ ಬೇರೆಯೇ ಅರ್ಜಿ ಹಾಕಿಸಿ. ಒಂದೇ ನಮೂನೆಯಲ್ಲಿ ಇಬ್ಬರ ಹೆಸರು ಬರೆದರೆ ಅದು ವಾಪಸ್ ಬರುತ್ತದೆ.